ಮೂರನೆಯ ಸಾಲಿನ ಉಸಿರು

೨೦೧೪ರ ಅಕ್ಟೋಬರ್ ಹದಿನಾರು, ಗುರುವಾರ, ಮಧ್ಯಾಹ್ನ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಹೆರೋನಿಮಾ ಸತ್ತ ಹುಡುಗನ ಬಾಯಿ ತೆರೆದಳು. ಗಲ್ಲಕ್ಕೆ ಬಟ್ಟೆ ಕಟ್ಟುವ ಮುನ್ನ ಒಳಗೆ ಉಳಿದ ಕೆಸರನ್ನು ಹತ್ತಿಯಿಂದ ಒರೆಸಬೇಕಿತ್ತು, ಅಷ್ಟೆ. ಆದರೆ ಬೆರಳಿಗೆ ಹಲ್ಲು ತಾಗಿತು. ಕೆಳಗಿನ ಸಾಲಿನಲ್ಲಿ ನಾಲ್ಕು, ಮೇಲಿನ ಸಾಲಿನ ನಡುವೆ ಎರಡು, ಅಗಲವಾದ ಹೊಸ ಹಲ್ಲುಗಳು. ಅವುಗಳ ಅಂಚಿನಲ್ಲಿ ಇನ್ನೂ ಸವೆಯದ ಸಣ್ಣ ಸಣ್ಣ ಕಚ್ಚುಗಳು. ಹಾಲುಹಲ್ಲಿನ ಅಂಚು ಹಾಗಿರುವುದಿಲ್ಲ. ಮೇಲಿನ ಎರಡರ ಅಕ್ಕಪಕ್ಕದಲ್ಲಿ ಇನ್ನೆರಡು ಅರ್ಧ ಇಳಿದು ನಿಂತಿದ್ದವು, ಬಾಗಿಲಲ್ಲಿ ಅನುಮಾನಿಸುತ್ತ ನಿಂತ ನೆಂಟರ ಹಾಗೆ. ಅವಳು ಬೇರೆಲ್ಲಾದರೂ ನೋಡಬೇಕಿತ್ತು, ಗೋಡೆಯ ಗಡಿಯಾರ ನೋಡಿದಳು. ಹುಡುಗನಿಗೆ ಎಂಟು ತುಂಬಿತ್ತು. ತುಂಬಿ ತಿಂಗಳುಗಳೇ ಆಗಿದ್ದವು.

"ಆರು ವರ್ಷ, ತೀಯಾ," ಎಂದಳು ತಾಯಿ ಯೂರ್ಲೆನಿ, ನೀರಿನ ಬೋಗುಣಿ ಹಿಡಿದುಕೊಂಡು. ವಯಸ್ಸಾದ ಹೆಂಗಸರನ್ನು ಆ ನದಿಯ ದಂಡೆಯಲ್ಲಿ ಎಲ್ಲರೂ ತೀಯಾ ಎಂದೇ ಕರೆಯುವುದು. ಹುಡುಗನ ವಯಸ್ಸು ಎಷ್ಟೆಂದು ಯಾರೂ ಯೂರ್ಲೆನಿಯನ್ನು ಕೇಳಿರಲಿಲ್ಲ.

"ಹ್ಞೂಂ."

"ಉದ್ದ ಅಷ್ಟೇ. ಅವರಪ್ಪನ ಕಡೆಯೋರೆಲ್ಲ ಬಿದಿರು ಬೆಳೆದ ಹಾಗೆ ಬೆಳೀತಾರೆ."

"ಹತ್ತಿ ಕೊಡು ಮಗಳೇ."

"ನಾನು ಅಳ್ತಿಲ್ಲ ನೋಡಿ. ಬೆಳಿಗ್ಗೆಯಿಂದ ಒಂದು ಹನಿ ಹಾಕಿಲ್ಲ. ಅವನ ರೆಕ್ಕೆ ಒಣಗಿರಬೇಕಲ್ವಾ?"

ಹೆರೋನಿಮಾ ಬಿಳಿ ಬಟ್ಟೆಯನ್ನು ಹುಡುಗನ ಗಲ್ಲದ ಕೆಳಗಿಂದ ತಂದು ನೆತ್ತಿಯ ಮೇಲೆ ಗಂಟು ಹಾಕಿದಳು. ಬಾಯಿ ಮುಚ್ಚಿಕೊಂಡಿತು. ಕೈಗಳು ಅವಸರ ಮಾಡಿದ್ದು ಅವಳಿಗೆ ತಿಳಿಯಿತು. ಗಂಟು ಬೇಕಾದ್ದಕ್ಕಿಂತ ಬಿಗಿಯಾಗಿತ್ತು. ಈ ಅವಸರ, ಈ ಬಿಗಿ, ಎರಡೂ ಅವಳ ಕೈಗಳಿಗೆ ಹಳೆಯವೇ. ಮೂವತ್ತಮೂರು ವರ್ಷದ ಹಿಂದೆ ಇದೇ ಸಾನ್ ಹುವಾನ್ ನದಿಯ ದಂಡೆಯಲ್ಲಿ, ಇಲ್ಲಿಂದ ಏಳು ಮನೆ ಆಚೆ, ಅವಳು ಇದೇ ಗಂಟನ್ನು ತನ್ನ ಮಗ ಅವೆಲಿನೊನ ನೆತ್ತಿಯ ಮೇಲೆ ಹಾಕಿದ್ದಳು, ಹಾಡುವವರು ಬಂದು ನೋಡುವುದಕ್ಕೆ ಮೊದಲು. ಊರಿನ ಹಿರಿಯ ಹಾಡುಗಾರ್ತಿ ನಿಕಾಸಿಯಾ ಹೊಸ್ತಿಲ ಮೇಲೆ ನಿಂತು, "ಹಲ್ಲು ಬದಲಾಗಿದ್ಯೇನೇ?" ಎಂದು ಕೇಳಿದಾಗ, ಬೆನ್ನು ತಿರುಗಿಸಿಕೊಂಡೇ "ಇಲ್ಲ" ಎಂದಿದ್ದಳು. ನಿಕಾಸಿಯಾ ಗಂಟು ಬಿಚ್ಚಿ ನೋಡಲಿಲ್ಲ. ಯಾಕೆ ನೋಡಲಿಲ್ಲ? ನಂಬಿದಳೋ, ಅಥವಾ ನೋಡಿದರೆ ಆಗುವುದೇನೆಂದು ತಿಳಿದೇ ಸುಮ್ಮನಾದಳೋ? ಆಕೆ ಸತ್ತು ಇಪ್ಪತ್ತು ವರ್ಷವಾಯಿತು. ಆಕೆಯ ಸಾವಿನ ಒಂಬತ್ತೂ ರಾತ್ರಿ ಹೆರೋನಿಮಾಳೇ ಹಾಡಿದಳು, ಈ ಪ್ರಶ್ನೆಯನ್ನು ಕೇಳದೆ.

ಪಾದ್ರಿ ವರ್ಷಕ್ಕೆ ಎರಡು ಸಲ ಮೋಟರ್ ದೋಣಿಯಲ್ಲಿ ಬಂದು ಹೋಗುವ ಊರಿನಲ್ಲಿ ಸತ್ತವರನ್ನು ದೇವರ ಬಳಿ ಮುಟ್ಟಿಸುವುದು ಹಾಡಿನ ಕೆಲಸ. ಹಲ್ಲು ಬದಲಾಗದ ಮಗುವಿಗೆ ಪಾಪ ಅಂಟಿರುವುದಿಲ್ಲ. ಅದು ನೇರ ಮೇಲೆ ಹೋಗುತ್ತದೆ. ಅದಕ್ಕೆ ಗುವಾಲಿ ಹಾಡಬೇಕು. ತಮಟೆ, ಚಪ್ಪಾಳೆ, ಕುಣಿತ. ಬಿಳಿ ಪೆಟ್ಟಿಗೆಯನ್ನು ಕೈಯಿಂದ ಕೈಗೆ ದಾಟಿಸುತ್ತ ನಗಬೇಕು. ತಾಯಿ ಅಳಬಾರದು, ಅತ್ತರೆ ರೆಕ್ಕೆ ನೆನೆದು ಮಗು ಅರ್ಧದಾರಿಯಲ್ಲಿ ಬೀಳುತ್ತದೆ. ಹಲ್ಲು ಬದಲಾದವನು ಮನುಷ್ಯ. ಅವನಿಗೆ ಅಲಬಾವೊ. ಅದಕ್ಕೆ ಯಾವ ವಾದ್ಯವೂ ಇಲ್ಲ, ಗಂಟಲು ಮಾತ್ರ. ಒಬ್ಬಳು ಸಾಲು ಎಸೆಯುತ್ತಾಳೆ, ಉಳಿದವರು ಅದನ್ನು ನೆಲಕ್ಕೆ ಬೀಳದ ಹಾಗೆ ಹಿಡಿದು ಎಳೆಯುತ್ತಾರೆ. ಒಂಬತ್ತು ರಾತ್ರಿ. ಕೊನೆಯ ದಿನ ಬಲಿಪೀಠದ ಬಟ್ಟೆ ಕಿತ್ತು, ದೀಪ ಆರಿಸಿ, ಬಾಗಿಲು ತೆರೆದು, ಹೊರಡು ಎಂದು ಹಾಡುತ್ತಾರೆ. ಹಾಡು ತಪ್ಪಿದರೆ ದಾರಿ ತಪ್ಪುತ್ತದೆ. ಹೆರೋನಿಮಾ ಅಂದು ಸುಳ್ಳು ಹೇಳಿದ್ದು ಮಗನಿಗೆ ಸ್ವರ್ಗ ಬೇಗ ಸಿಗಲಿ ಎಂದಲ್ಲ. ಕೇಳಿದವರಿಗೆ ಹಾಗೆ ಹೇಳುತ್ತಿದ್ದಳೇನೋ, ಯಾರೂ ಕೇಳಲಿಲ್ಲ. ಎಂಟು ವರ್ಷದ ಅವೆಲಿನೊನಿಗೆ ಹನ್ನೆರಡು ಹೆಂಗಸರು ಕೂಡಿ ಹೊರಡು ಎನ್ನುವುದನ್ನು ಕೇಳಲು ಅವಳಿಂದ ಆಗುತ್ತಿರಲಿಲ್ಲ, ಅಷ್ಟೆ. ಹಾರಿ ಹೋದನೆಂದರೆ ಯಾರೂ ಕಳಿಸಿದಂತಾಗುವುದಿಲ್ಲ.

ಯೂರ್ಲೆನಿ ಒಂದು ದಾರ ತಂದಳು. ಮೀನುಬಲೆ ಹೆಣೆಯುವ ಬಿಳಿ ನೈಲಾನ್ ದಾರ, ಎರಡೂ ತುದಿಯಲ್ಲಿ ಗಂಟು. "ಅಳತೆ ತೆಗೆದಿಟ್ಟಿದ್ದೀನಿ ತೀಯಾ. ನೀವು ಸ್ನಾನಕ್ಕೆ ಸೊಪ್ಪು ತರೋಕೆ ಹೋದಾಗಲೇ." ಬಡಗಿ ಸತ್ತವರ ಮನೆಗೆ ಬರುವುದಿಲ್ಲ, ತಲೆಯಿಂದ ಹಿಮ್ಮಡಿಯ ತನಕ ದಾರ ಹಿಡಿದು ಗಂಟು ಹಾಕಿ, ಹೆಂಗಸೊಬ್ಬಳು ಒಯ್ದು ಕೊಡಬೇಕು. ಹೆರೋನಿಮಾ ದಾರವನ್ನು ಅಂಗೈಯ ಮೇಲೆ ಸುತ್ತಿಕೊಂಡಳು. ಸುತ್ತುವಾಗಲೇ ತಿಳಿಯಿತು, ಅದು ಗಿಡ್ಡ. ಹಲಗೆಯ ಮೇಲೆ ಮಲಗಿದ್ದ ಹುಡುಗನನ್ನು ನೋಡಿದಳು, ದಾರ ನೋಡಿದಳು, ತಾಯಿಯನ್ನು ನೋಡಲಿಲ್ಲ. ಬಿಳಿ ಪೆಟ್ಟಿಗೆ ಈ ಊರಲ್ಲಿ ಒಂದು ಮೀಟರ್ ಹತ್ತು ಸೆಂಟಿಮೀಟರ್ ದಾಟುವುದಿಲ್ಲ. ಅದಕ್ಕಿಂತ ಉದ್ದವಾದದ್ದಕ್ಕೆ ಬಣ್ಣವಿಲ್ಲ, ಬರಿಯ ಮರ. ಇದನ್ನು ಹೊಸಬಳಾದ ಯೂರ್ಲೆನಿಗೆ ಯಾರು ಹೇಳಿದರು? ಎರಡು ವರ್ಷದ ಹಿಂದೆ ಅವಳು ಕೆಳಗಿನ ಊರಿನಿಂದ ಒಂದು ಹಾಸಿಗೆ, ಒಂದು ಬಾಣಲೆ, ಈ ಹುಡುಗ ದೈರೋನ್, ಇಷ್ಟನ್ನು ದೋಣಿಯಲ್ಲಿ ಹಾಕಿಕೊಂಡು ಬಂದು ಚಿನ್ನದ ಗಣಿಯ ಯಂತ್ರದವರಿಗೆ ಅಡುಗೆ ಮಾಡಲು ಸೇರಿಕೊಂಡವಳು. ಯಂತ್ರಗಳು ತೋಡಿ ಬಿಟ್ಟ ಹೊಂಡಗಳಲ್ಲೊಂದರಲ್ಲಿ ಬೆಳಿಗ್ಗೆ ಹುಡುಗ ಸಿಕ್ಕಿದ. ಹೊಂಡದ ನೀರು ಹಸಿರಾಗಿತ್ತು, ತಳ ಕಾಣುವ ಹಾಗೆ ತಿಳಿಯಾಗಿತ್ತು. ಅಂಥ ನೀರಿನ ಆಳವನ್ನು ದೊಡ್ಡವರೇ ತಪ್ಪಾಗಿ ಅಂದಾಜು ಮಾಡುತ್ತಾರೆ.

"ಬೇಗ ಕೊಟ್ಟು ಬನ್ನಿ," ಎಂದಳು ಯೂರ್ಲೆನಿ. ದವಡೆ ಬಿಗಿಹಿಡಿದು ಮಾತಾಡುತ್ತಿದ್ದುದರಿಂದ ಮಾತು ಹಲ್ಲಿನ ಸಂದಿಯಿಂದ ಬರುತ್ತಿತ್ತು.

ಹೆರೋನಿಮಾ ಮೆಟ್ಟಿಲಿಳಿದಳು. ಕಂಬಗಳ ಮೇಲೆ ನಿಂತ ಮನೆಗಳ ಸಾಲಿನ ಮುಂದೆ ನದಿ ಗಣಿಯ ಮಣ್ಣಿನಿಂದ ಹಳದಿಯಾಗಿ ಹರಿಯುತ್ತಿತ್ತು. ದಾರ ಮುಷ್ಟಿಯಲ್ಲಿ ಬೆವರಿಗೆ ಒದ್ದೆಯಾಯಿತು. ಅವೆಲಿನೊನ ಸಲದ ದಾರ ನೈಲಾನಿನದಲ್ಲ, ಬಾಳೆಯ ನಾರು. ಅದರ ಗಂಟನ್ನು ಅವಳೇ ಬಿಚ್ಚಿ ಒಂದು ಗೇಣು ಹಿಂದಕ್ಕೆ ಹಾಕಿದ್ದಳು. ಪೆಟ್ಟಿಗೆ ಬಂತು, ಬಿಳಿ ಬಣ್ಣ ಇನ್ನೂ ಬೆರಳಿಗೆ ಅಂಟುತ್ತಿತ್ತು. ಅವೆಲಿನೊನನ್ನು ಅದರಲ್ಲಿ ಇಳಿಸಿದಾಗ ಕಾಲು ಹೊರಗೆ ಉಳಿಯಿತು. ಜ್ವರದಲ್ಲಿ ಸತ್ತ ಮೈ ಅಷ್ಟು ಹೊತ್ತಿಗೆ ಸೆಟೆದುಕೊಂಡಿತ್ತು. ಕೋಣೆಯಲ್ಲಿ ಅವಳೊಬ್ಬಳೇ. ಮಂಡಿಯನ್ನು ಮಡಿಸಲು ಎರಡೂ ಕೈಯ ಭಾರ ಬಿಡಬೇಕಾಯಿತು. ಬಲ ಮಂಡಿ ಮೊದಲು, ಆಮೇಲೆ ಎಡದ್ದು. ಶಬ್ದವಾಯಿತೋ ಇಲ್ಲವೋ; ಆಯಿತೆಂದು ಕೆಲವು ವರ್ಷ ನೆನಪಿರುತ್ತದೆ, ಇಲ್ಲವೆಂದು ಕೆಲವು ವರ್ಷ. ಮೇಲೆ ಹೂವು ಹಾಸಿದಳು, ಬಿಳಿಯವು, ಕೆಂಪಿನವು, ಮಂಡಿಗಳು ಹೂವಿನ ಗುಡ್ಡವಾದವು, ಬಂದವರೆಲ್ಲ ಎಷ್ಟು ಚಂದ ಸಿಂಗರಿಸಿದ್ದೀಯ ಎಂದರು. ಆ ರಾತ್ರಿ ಪೆಟ್ಟಿಗೆಯನ್ನು ಎತ್ತಿ ಕುಣಿಯುವ ಸರದಿ ತನಗೆ ಬಂದಾಗ ನಕ್ಕಳು. ಮುಖದ ಸ್ನಾಯುಗಳು ಬೆಳಗಾಗುವ ತನಕ ಆ ನಗುವಿನ ಆಕಾರದಲ್ಲೇ ನಿಂತುಬಿಟ್ಟಿದ್ದವು, ಒತ್ತಿ ಇಳಿಸಬೇಕಾಯಿತು.

ಎಲಾದಿಯಾಳ ಮನೆಯ ಜಗುಲಿಯಲ್ಲಿ ಹಾಡುವ ಹೆಂಗಸರು ಸೇರಿದ್ದರು. ಎಲಾದಿಯಾ ಎಂದರೆ ಹೆರೋನಿಮಾಳ ಸಾಲನ್ನು ಮೊದಲು ಎತ್ತಿಕೊಳ್ಳುವವಳು, ಅವಳ ಒಬ್ಬ ಮಗಳಿಗೆ ಹೆರೋನಿಮಾ ಜ್ಞಾನಸ್ನಾನದ ತಾಯಿ. ಆದ್ದರಿಂದ ಇಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ ಎನ್ನುವುದು. ಒಬ್ಬಳು ಬಿಳಿ ಕಾಗದದಲ್ಲಿ ರೆಕ್ಕೆ ಕತ್ತರಿಸುತ್ತಿದ್ದಳು. ಅವು ಆಗಲೇ ಸಿದ್ಧವಾಗುತ್ತಿದ್ದುದನ್ನು ಕಂಡು ಹೆರೋನಿಮಾಳ ಕಾಲು ನಿಂತಿತು.

"ಬಾ ಕೊಮಾದ್ರೆ. ಯಾವ್ದು ಹೇಳು. ಕೈಗೆ ಕೆಲಸನಾ, ಗಂಟಲಿಗೆ ಕೆಲಸನಾ?"

"ತಾಯಿ ಆರು ಅಂತಾಳೆ."

"ತಾಯಿ ನನಗೂ ಅಂದ್ಲು. ನೀನು ಏನಂತೀಯ? ಆ ಹುಡುಗ ನಮ್ಮ ಪೇರಲೆ ಮರದ ಮೇಲೆ ಕೂತು, ಇದು ನಿಮ್ಮ ಮರ ಅನ್ನೋದಕ್ಕೆ ಏನು ಗ್ಯಾರಂಟಿ ಅಂತ ಕೇಳಿದ್ದ. ಆ ಲೆಕ್ಕದಲ್ಲಿ ಅವನಿಗೆ ಅರವತ್ತು."

ಹೆಂಗಸರು ನಕ್ಕರು. ನಕ್ಕು, ಯಾರಿಗಾಗಿ ರೆಕ್ಕೆ ಕತ್ತರಿಸುತ್ತಿದ್ದೇವೆಂದು ನೆನಪಾಗಿ, ಸುಮ್ಮನಾದರು.

"ಗುವಾಲಿನೇ ಇರಲಿ ಅತ್ತೆ," ಎಂದಳು ರೆಕ್ಕೆಯವಳು, ಎಲಾದಿಯಾಳ ಸೊಸೆ. "ಗುವಾಲಿ ಅಂದ್ರೆ ಒಂದೇ ರಾತ್ರಿ. ಒಂಬತ್ತು ರಾತ್ರಿ ಬಂದೋರಿಗೆ ಆ ಹೆಂಗಸು ಕಾಫಿ ಎಲ್ಲಿಂದ ಕೊಡ್ತಾಳೆ, ಬಿಸ್ಕತ್ತು ಎಲ್ಲಿಂದ ತರ್ತಾಳೆ?"

"ನಿನಗೆ ಬಿಸ್ಕತ್ತಿಂದೇ ಚಿಂತೆ," ಎಂದಳು ಎಲಾದಿಯಾ. "ಕೊಮಾದ್ರೆ, ನೀನು ಬಾಯಿ ನೋಡಿರ್ತೀಯಲ್ಲ? ನೀನು ಹೇಳಿದ್ದೇ ಆಯ್ತು. ನೀನು ಗುವಾಲಿ ಅಂದ್ರೆ ಗುವಾಲಿ."

"ದಾರ ಕೊಟ್ಟು ಬರ್ತೀನಿ," ಎಂದು ಹೆರೋನಿಮಾ ಮುಂದೆ ನಡೆದಳು. ಉತ್ತರ ಕೊಡದಿರುವುದು ಒಪ್ಪಿದಂತೆಯೇ ಎಂದು ಅವರು ತಿಳಿದುಕೊಳ್ಳುತ್ತಾರೆ, ಗೊತ್ತಿತ್ತು. ಬೆನ್ನ ಹಿಂದೆ ತಮಟೆಯ ಚರ್ಮವನ್ನು ಬಿಸಿಲಿಗೆ ತಿರುಗಿಸಿಡುವ ಸದ್ದಾಯಿತು. ನೀನು ಹೇಳಿದ್ದೇ ಆಯ್ತು. ನಿಕಾಸಿಯಾಗೂ ಊರು ಹೀಗೇ ಹೇಳುತ್ತಿತ್ತು. ಅಲಬಾವೊ ಹಾಡಿ ಹಾಡಿ ಈ ನದಿಯ ಎಷ್ಟೋ ಜನರನ್ನು ದಾಟಿಸಿದ ಗಂಟಲು ಎಂದು ಹೊರಗಿನವರೂ ಹೆರೋನಿಮಾಳನ್ನು ಹೊಗಳುತ್ತಾರೆ. ಆ ಗಂಟಲಿನ ಕಳ್ಳತನ ಮಾತ್ರ ಯಾರಿಗೂ ತಿಳಿಯದು. ಪ್ರತಿ ಅಲಬಾವೊದ ಕೊನೆಯಲ್ಲಿ ಸತ್ತವರ ಹೆಸರು ಹೇಳಲು ಒಂದು ಬಿಡುವಿದೆ. ಹೆಸರು ಹೇಳಿ, ಉಳಿದವರು ಎತ್ತಿಕೊಳ್ಳುವ ಮುನ್ನ, ಉಸಿರಿನ ತಳದಲ್ಲಿ ಅವಳು ಅವೆಲಿನೊ ಎಂದು ಸೇರಿಸುತ್ತಾಳೆ. ಮುದುಕರ ಜೊತೆ, ಬಾಣಂತಿಯರ ಜೊತೆ, ಒಂದು ಸಲ ಗುಂಡೇಟು ತಿಂದು ಹೊಳೆಯಲ್ಲಿ ತೇಲಿ ಬಂದ ಹೆಸರಿಲ್ಲದವನ ಜೊತೆ. ಬೇರೆಯವರ ದೋಣಿಯ ಮೂಲೆಯಲ್ಲಿ ಮಗನನ್ನು ಹತ್ತಿಸಿದಂತೆ. ಹತ್ತಿದನೇ? ಹತ್ತಿದ್ದರೆ ಮತ್ತೆ ಮತ್ತೆ ಯಾಕೆ ಹತ್ತಿಸಬೇಕಾಗುತ್ತದೆ?

ಒಮ್ಮೆ ಮಾತ್ರ ಅವನಿಗೇ ಪೂರ್ತಿ ಒಂದು ಹಾಡು ಸಲ್ಲುವುದಿತ್ತು. ಜಿಲ್ಲಾ ಕೇಂದ್ರದಲ್ಲಿ ಯಾವುದೋ ಉತ್ಸವ, ವೇದಿಕೆ, ನಡುಹಗಲು. ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡಿದ್ದ ಯುವಕ ಬಂದು, "ಅಮ್ಮ, ಮೂರು ನಿಮಿಷದಲ್ಲಿ ಮುಗಿಸಿಬಿಡಿ, ನಿಮ್ಮ ನಂತರ ಡ್ಯಾನ್ಸ್ ಇದೆ," ಎಂದ. ಅಲಬಾವೊವನ್ನು ಹೆಣವಿಲ್ಲದೆ ಹಾಡುವುದಿಲ್ಲ, ಅಭ್ಯಾಸಕ್ಕೂ ಹಾಡುವುದಿಲ್ಲ; ಹಾಡಿದರೆ ಅದು ಯಾರನ್ನೋ ಹುಡುಕಿಕೊಂಡು ಹೊರಡುತ್ತದೆ ಎಂದು ಜೊತೆಯ ಹೆಂಗಸರು ಹೆದರಿ ಮುಖ ಮುಖ ನೋಡಿಕೊಂಡರು. ಹೆರೋನಿಮಾ ಹೆದರಲಿಲ್ಲ. ಅವಳಿಗೆ ಹೆಣವಿತ್ತು. ಕುರ್ಚಿಗಳಲ್ಲಿ ಕುಳಿತು ಕಾಗದದ ಬೀಸಣಿಗೆ ಬೀಸುತ್ತಿದ್ದವರ ತಲೆಯ ಮೇಲಿಂದ ಅವಳು ಮಗನಿಗೆ ಹಾಡಿದಳು, ನಿಧಾನವಾಗಿ, ಮನೆಯಲ್ಲಿ ಹಾಡುವಷ್ಟೇ ನಿಧಾನವಾಗಿ; ಹೆಸರಿನ ಬಿಡುವು ಬರುವುದಕ್ಕೆ ಒಂದು ಚರಣ ಉಳಿದಿರುವಾಗ ಮೈಕ್ ಆರಿಸಿದರು. ಚಪ್ಪಾಳೆ ಬಿತ್ತು. ಪ್ಲಾಸ್ಟಿಕ್ ತಟ್ಟೆಯಲ್ಲಿ ಅನ್ನ, ಕೋಳಿಯ ಒಂದು ತುಂಡು ಕೊಟ್ಟರು. ಅವಳು ತಿಂದಳು ಸಹ; ಹಸಿವಾಗಿತ್ತು.

"ದಾರ ಬಂತಾ?" ಎಂದ ಬಡಗಿ ಪ್ಲುತಾರ್ಕೊ. ತಗಡಿನ ಚಪ್ಪರದ ಕೆಳಗೆ ಹಲಗೆಗಳನ್ನು ಆಗಲೇ ಒರಗಿಸಿಟ್ಟಿದ್ದ. ಐವತ್ತರ ಆಸುಪಾಸಿನವನು, ಅವೆಲಿನೊನ ಪೆಟ್ಟಿಗೆ ಮಾಡಿದವನು ಇವನ ಅಪ್ಪ. ಅವನು ದಾರವನ್ನು ಬೆಂಚಿನ ಮೇಲೆ ಎಳೆದು ಅಳತೆಪಟ್ಟಿಗೆ ತಾಗಿಸಿ, ನದಿಯ ಕಡೆ ಮುಖ ಮಾಡಿ, ಎರಡೂ ದಂಡೆಗೆ ಕೇಳುವ ಹಾಗೆ ಕೂಗಿದ: "ಒಂದು ಮೀಟರ್ ಒಂಬತ್ತು ಸೆಂಟಿಮೀಟರ್!"

ಕೂಗು ನೀರಿನ ಮೇಲೆ ಹೋಗಿ ಎದುರು ದಡಕ್ಕೆ ಬಡಿದು ಬಂತು.

"ನಮ್ಮಪ್ಪ ಹೇಳ್ತಿದ್ರು," ಎಂದ, ಅವಳು ಪ್ರತಿಸಲ ಕೇಳುವ ಮಾತನ್ನೇ, "ಅಳತೆ ಕೂಗಿ ಹೇಳ್ಬೇಕು, ತಪ್ಪಿದ್ರೆ ಸತ್ತೋರೇ ಬಂದು ತಿದ್ಕೋತಾರೆ ಅಂತ. ಇಷ್ಟು ವರ್ಷದಲ್ಲಿ ಒಬ್ರೂ ಬಂದಿಲ್ಲ. ಅಂದ್ರೆ ನಾವು ಒಳ್ಳೇ ಕೆಲಸಗಾರರು!"

ಅವಳು ನಗಲಿಲ್ಲವೆಂದು ಅವನಿಗೆ ಮುಜುಗರವಾಯಿತು. ಪೆನ್ಸಿಲನ್ನು ಕಿವಿಯಿಂದ ತೆಗೆದು ಮತ್ತೆ ಕಿವಿಗೇ ಇಟ್ಟ.

"ಒಂದು ಮಾತು ತೀಯಾ. ಆ ಹುಡುಗ ನನ್ನ ಚಿಕ್ಕವನ ಪಕ್ಕ ನಿಂತ್ರೆ ಕಿವಿ ಸಮ ಬರ್ತಿದ್ದ. ನನ್ನೋನು ಒಂದು ಮೂವತ್ತರ ಮೇಲಿದ್ದಾನೆ."

"ದಾರ ಏನು ಹೇಳತ್ತೆ?"

"ದಾರ ಒಂದು ಒಂಬತ್ತು ಅನ್ನತ್ತೆ."

"ಮತ್ತೆ?"

"ಮತ್ತೇನಿಲ್ಲ. ದಾರ ತಂದೋರು ನೀವು."

ಅವನು ಗೆರೆ ಎಳೆದು ಗರಗಸ ಹಚ್ಚಿದ. ಅವಳಿಗೆ ಕೂರಲು ಹಾಲಿನ ಪುಡಿಯ ಹಳೆಯ ಡಬ್ಬ ಮುಂದೆ ನೂಕಿದ. ಹೆರೋನಿಮಾ ಕೂತಳು. ಹೋಗಬಹುದಿತ್ತು, ಕೆಲಸ ಮುಗಿದಿತ್ತು. ಮುಗಿದಿತ್ತಲ್ಲ? ಒಬ್ಬ ತಾಯಿ ತನಗೆ ಬೇಕಾದ್ದನ್ನು ಕೇಳಿದ್ದಾಳೆ, ತಾನು ಅಡ್ಡ ಬಂದಿಲ್ಲ. ಅಂದು ನಿಕಾಸಿಯಾ ಅಡ್ಡ ಬಂದಿದ್ದರೆ ತಾನು ಅವಳನ್ನು ಸಾಯುವ ತನಕ ಕ್ಷಮಿಸುತ್ತಿರಲಿಲ್ಲ. ಅಡ್ಡ ಬರದಿದ್ದುದಕ್ಕೂ ಕ್ಷಮಿಸಿಲ್ಲ. ಗರಗಸ ಮರದೊಳಗೆ ಹೋಗಿ ಬರುವಾಗ ಎರಡು ಸ್ವರ ಹುಟ್ಟುತ್ತಿದ್ದವು, ಹೋಗುವಾಗ ಒಂದು, ಬರುವಾಗ ಅದಕ್ಕಿಂತ ತುಸು ಮೇಲಿನದು. ಹಲಗೆ ಕತ್ತರಿಸುತ್ತ ಹೋದಂತೆ ಎರಡೂ ಇಳಿಯುತ್ತಿದ್ದವು. ಮರದ ಪುಡಿ ಅವಳ ಕಾಲ ಬೆರಳ ಮೇಲೆ ಬೀಳುತ್ತಿತ್ತು, ಬಿಸಿಯಾಗಿ.

ಅಷ್ಟರಲ್ಲಿ ಎಲಾದಿಯಾಳ ಜಗುಲಿಯಿಂದ ಗುವಾಲಿ ಶುರುವಾಯಿತು. ಗುವಾಲಿಯನ್ನು ಹಗಲೂ ಹಾಡಬಹುದು, ಅಭ್ಯಾಸಕ್ಕೂ ಹಾಡಬಹುದು. ತೊಟ್ಟಿಲ ಮಕ್ಕಳಿಗೂ ಅದನ್ನೇ ಹಾಡುತ್ತಾರೆ. ತಮಟೆ ಸಣ್ಣಗೆ ಎರಡು ಸಲ ಕೆಮ್ಮಿ, ಆಮೇಲೆ ನಡೆಯತೊಡಗಿತು.

ಅಂಗಳ ಗುಡಿಸಿದೆ, ದೀಪ ಹಚ್ಚಿದೆ,
ಬಿಳಿಯ ದೋಣಿ ಬಾಗಿಲಲ್ಲಿದೆ,

ಮೂರನೆಯ ಸಾಲು ಬಂತು. ಕಾಲು ಚಾಚಿ ಕೂತುಕೊ ಕಂದ. ಅವೆಲಿನೊ ಹೋದ ನಂತರದ ಮೊದಲ ಗುವಾಲಿಯಲ್ಲಿ, ನಿಕಾಸಿಯಾಗೆ ಕೆಮ್ಮಿದ್ದರಿಂದ ಹೆರೋನಿಮಾ ಮುಂದಾಗಿ ಹಾಡಬೇಕಾಗಿ ಬಂದಾಗ, 'ಕಾಲು' ಎಂದದ್ದೇ ಅವಳ ಉಸಿರು ನಿಂತುಹೋಗಿತ್ತು. ಒಂದು ಕ್ಷಣ, ಬಾವಿಗೆ ಬಿದ್ದ ಕೊಡ ನೀರು ಮುಟ್ಟುವ ಮುನ್ನದಷ್ಟು. ಆಮೇಲೆ 'ಚಾಚಿ' ಎಂದು ಹೇಗೋ ಎತ್ತಿಕೊಂಡಳು. ಮುಂದಿನ ಸಲವೂ ಅಲ್ಲೇ ನಿಂತಿತು. ಹಾಡಿದಾಗಲೆಲ್ಲ ಅಲ್ಲೇ. ಜೊತೆಯವರು ಅದನ್ನು ಅವಳ ಧಾಟಿ ಎಂದುಕೊಂಡರು. ಆ ನಿಲುಗಡೆಗೆ ತಮಟೆಯವನು ತಾನೂ ಕೈ ಎತ್ತಿ ಹಿಡಿಯುವುದನ್ನು ಕಲಿತ. ಹುಡುಗಿಯರು ಕಲಿತರು. ಉತ್ಸವಕ್ಕೆ ಬಂದಿದ್ದ ಯಾರೋ, ಈ ನದಿಯ ಗುವಾಲಿಗೆ ಬೇರೆ ಯಾವ ನದಿಗೂ ಇಲ್ಲದ ಒಂದು ಸೊಗಸಿದೆ ಎಂದು ಬರೆದುಕೊಂಡು ಹೋಗಿದ್ದರು. ಎಲಾದಿಯಾ ಅದನ್ನು ಈಗಲೂ ನೆಂಟರಿಗೆ ಹೇಳಿಕೊಳ್ಳುತ್ತಾಳೆ.

ಕಾಲು...

ತಮಟೆಯ ಕೈ ಮೇಲೆ ನಿಂತಿತು. ಹನ್ನೆರಡು ಬಾಯಿಗಳು ಒಟ್ಟಿಗೆ ನಿಂತವು, ಕರಾರುವಾಕ್ಕಾಗಿ, ಚಿಕ್ಕ ಸೊಸೆಯ ಬಾಯಿಯೂ. ಗರಗಸವೂ ಗೆರೆ ಮುಟ್ಟಿ ಅದೇ ಕ್ಷಣಕ್ಕೆ ನಿಂತಿತ್ತು. ಹಗಲಿನಲ್ಲಿ ಅಷ್ಟು ದೊಡ್ಡ ಮೌನವನ್ನು ಹೆರೋನಿಮಾ ಕೇಳಿರಲಿಲ್ಲ. ಆ ಮೌನದಲ್ಲಿ ಅವಳ ಎರಡು ಕೈಗಳು ಒಂದು ಮಂಡಿಯ ಮೇಲೆ ಭಾರ ಬಿಡುತ್ತಿದ್ದವು. ಇಷ್ಟು ವರ್ಷ ಆ ನಿಲುಗಡೆ ತನ್ನೊಬ್ಬಳ ಎದೆಯಲ್ಲಿದೆ ಎಂದುಕೊಂಡಿದ್ದಳು. ಊರಿನ ಎಲ್ಲ ಎಳೆಯ ಮಕ್ಕಳನ್ನೂ ಅದರ ಮೇಲೆಯೇ ಮಲಗಿಸಿ ಕಳಿಸಿದ್ದಾಳೆ, ಇನ್ನೂ ಹುಟ್ಟದ ಮಕ್ಕಳನ್ನೂ ಈ ಹುಡುಗಿಯರು ಅದರ ಮೇಲೆಯೇ ಮಲಗಿಸುತ್ತಾರೆ.

...ಚಾಚಿ ಕೂತುಕೊ ಕಂದ, ಎಂದು ಹಾಡು ಮುಂದೆ ಹೋಯಿತು.

"ಇರು," ಎಂದಳು ಹೆರೋನಿಮಾ. "ಇನ್ನೊಂದು ಹಲಗೆಗೆ ಗರಗಸ ಹಾಕ್ಬೇಡ."

"ಯಾಕೆ?"

"ದಾರ ಕೊಡು ಇಲ್ಲಿ."

ಪ್ಲುತಾರ್ಕೊ ಅವಳನ್ನು ನೋಡಿದ, ಕತ್ತರಿಸಿದ ಹಲಗೆ ನೋಡಿದ. "ಮರ ಹಾಳಾಯ್ತಲ್ಲ ತೀಯಾ," ಎಂದ ಮೆಲ್ಲಗೆ, ದೂರಿನಂತಲ್ಲ. ದಾರ ಸುತ್ತಿ ಕೊಟ್ಟ.

ಮನೆಯಲ್ಲಿ ಯೂರ್ಲೆನಿ ಹುಡುಗನ ಕೂದಲು ಬಾಚುತ್ತಿದ್ದಳು. ನಡುವೆ ಬೈತಲೆ ತೆಗೆದು, ಅಳಿಸಿ, ಪಕ್ಕಕ್ಕೆ ತೆಗೆಯುತ್ತಿದ್ದಳು. ಹೆರೋನಿಮಾಳ ಕೈಯಲ್ಲಿ ದಾರ ಕಂಡದ್ದೇ ಬಾಚಣಿಗೆ ನಿಂತಿತು.

"ಕೊಡಲಿಲ್ವಾ?"

"ಕೊಟ್ಟೆ. ವಾಪಸ್ ತಂದೆ."

"ಯಾಕೆ?"

"ಇದರ ಅಳತೆಗೆ ಪೆಟ್ಟಿಗೆ ಮಾಡಿದ್ರೆ ಮಂಡಿ ಮಡಿಸ್ಬೇಕಾಗತ್ತೆ."

ಯೂರ್ಲೆನಿ ಬಾಚಣಿಗೆಯ ಹಲ್ಲುಗಳನ್ನು ಹೆಬ್ಬೆರಳಿನಿಂದ ಒಮ್ಮೆ ಎಳೆದಳು. "ಮಡಿಸಿದ್ರೆ ಏನಾಯ್ತು? ಹೂವು ಹಾಕಿದ್ರೆ ಕಾಣಲ್ಲ."

"ಕಾಣಲ್ಲ."

"ಮತ್ತೆ?"

"ಮಡಿಸೋಳು ನೀನೇ ಆಗಿರ್ತೀಯ. ಬೇರೆ ಯಾರನ್ನೂ ಕರೆಯೋಕಾಗಲ್ಲ. ಈಗ್ಲೇ ಮೈ ಸೆಟೀತಾ ಬಂದಿದೆ. ಪೆಟ್ಟಿಗೆ ಬರೋ ಹೊತ್ತಿಗೆ ನಿನ್ನ ಮೈಭಾರ ಎಲ್ಲ ಬಿಡ್ಬೇಕಾಗತ್ತೆ."

"ಅದು ನಿಮಗೆ ಹೇಗೆ ಗೊತ್ತು?"

ಹೆರೋನಿಮಾ ಗೋಡೆಯ ಗಡಿಯಾರದ ಕಡೆ ತಿರುಗಿದಳು. ಹೇಳಿಬಿಡಬಹುದಿತ್ತು. ಹೇಳಿದರೆ ಅದು ಈ ಹೆಂಗಸಿನ ದುಃಖದ ಮೇಲೆ ತನ್ನದನ್ನು ಇಟ್ಟಂತೆ, ಮತ್ತೊಂದು ದೋಣಿಗೆ ಮತ್ತೆ ಕದ್ದು ಹತ್ತಿದಂತೆ. ಯೂರ್ಲೆನಿ ಅವಳ ಮುಖವನ್ನೇ ನೋಡುತ್ತಿದ್ದವಳು, ಏನನ್ನು ಕಂಡಳೋ, ದೃಷ್ಟಿ ಕೆಳಗಿಳಿಸಿದಳು.

"ಅವನೇನು ಪಾಪ ಮಾಡಿದ್ದ ತೀಯಾ?" ಎಂದಳು. "ಪೇರಲೆ ಕದ್ದ. ನನ್ನ ಹತ್ರ ಸುಳ್ಳು ಹೇಳ್ತಿದ್ದ, ಹೊಂಡಕ್ಕೆ ಹೋಗಿಲ್ಲ ಅಂತ. ಕೂದಲು ಒದ್ದೆ ಇರ್ತಿತ್ತು, ಹೋಗಿಲ್ಲ ಅಂತಿದ್ದ. ಇಷ್ಟಕ್ಕೆ ಒಂಬತ್ತು ರಾತ್ರಿ ಬೇಕಾ?"

"ಪಾಪಕ್ಕಲ್ಲ ಮಗಳೇ. ದಾರಿಗೆ."

"ಕೊನೇ ದಿನ ಹೊರಡು ಅಂತ ಹಾಡ್ತೀರಿ. ನಮ್ಮೂರಲ್ಲೂ ಹಾಡ್ತಾರೆ. ಅದನ್ನ ನಾನು ಕೇಳಲ್ಲ. ಆಗಲ್ಲ ನನ್ನಿಂದ."

"ಆಗಲ್ಲ," ಎಂದಳು ಹೆರೋನಿಮಾ. "ಕೇಳದೆ ಇದ್ರೆ, ಅದು ಮುಗಿಯೋದೂ ಇಲ್ಲ."

ಹೊರಗೆ ಗುವಾಲಿ ಮತ್ತೆ ಮೊದಲಿನಿಂದ ಶುರುವಾಗಿತ್ತು. ಯೂರ್ಲೆನಿ ಮಗನ ಬಲಮಂಡಿಯ ಮೇಲೆ ಅಂಗೈ ಇಟ್ಟಳು. ಅಲ್ಲೊಂದು ಗಾಯ ಒಣಗಿ ಹಕ್ಕಳೆಗಟ್ಟಿತ್ತು, ಅಂಚು ಸ್ವಲ್ಪ ಎದ್ದಿತ್ತು. ಕೀಳಬೇಡ, ಕೀಳಬೇಡ ಎಂದು ನಿನ್ನೆ ಬೈದಿರಬೇಕು. ಅವಳು ಮೆಲ್ಲಗೆ ಒತ್ತಿ ನೋಡಿದಳು. ಮಂಡಿ ಅಲುಗಲಿಲ್ಲ. ಇನ್ನೊಂದು ಸಲ, ತುಸು ಹೆಚ್ಚು. ಆಮೇಲೆ ಸುಟ್ಟುಕೊಂಡವಳಂತೆ ಕೈ ಹಿಂದಕ್ಕೆ ತೆಗೆದಳು.

"ಹಿಡಕೊಳ್ಳಿ," ಎಂದಳು, ದಾರದ ಒಂದು ತುದಿ ಚಾಚಿ.

ಹೆರೋನಿಮಾ ಹುಡುಗನ ನೆತ್ತಿಯ ಬಳಿ ಗಂಟು ಹಿಡಿದಳು. ಯೂರ್ಲೆನಿ ದಾರದ ಇನ್ನೊಂದು ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ನೈಲಾನ್ ಬಿಗಿದುಕೊಂಡಿತ್ತು, ಬಹಳ ಹೊತ್ತು ಬೇಕಾಯಿತು. ದಾರವನ್ನು ಎದೆಯ ಮೇಲಿಂದ, ಮಂಡಿಯ ಮೇಲಿಂದ, ಹಿಮ್ಮಡಿಯ ತನಕ ಎಳೆದಳು. ಹೊಸ ಗಂಟು ಹಾಕಿದಳು. ಹಾಕಿ, ಮಗನ ಎರಡೂ ಪಾದಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ಬಗ್ಗಿದಳು, ಬೆಳಗಿನಿಂದ ಕಚ್ಚಿ ಹಿಡಿದಿದ್ದ ದವಡೆ ಬಿಟ್ಟಿತು. ಬಂದದ್ದು ಅಳು ಎನ್ನುವ ಹಾಗಿರಲಿಲ್ಲ. ದಡಕ್ಕೆ ಎಳೆಯುವಾಗ ದೋಣಿಯ ತಳ ಕಲ್ಲಿಗೆ ಉಜ್ಜುವ ಸದ್ದು.

ಜಗುಲಿಯಲ್ಲಿ ತಮಟೆ ತಡವರಿಸಿತು. ದೇವದೂತನ ತಾಯಿ ಅಳಬಾರದು. ಹಾಡು ಎರಡನೆಯ ಸಾಲಿನಲ್ಲೇ ಹರಿದು ನಿಂತಿತು. ಎಲಾದಿಯಾ ಓಡಿ ಬಂದು ಬಾಗಿಲಲ್ಲಿ ನಿಂತವಳು, ನೆಲದ ಮೇಲಿದ್ದ ದಾರದ ಉದ್ದ ನೋಡಿದಳು. ಬಗ್ಗಿ ಅದನ್ನು ಎತ್ತಿಕೊಂಡು ಬಡಗಿಯ ಕಡೆ ಹೋದಳು.

ಹೆರೋನಿಮಾ ಹುಡುಗನ ತಲೆಯ ಬಳಿ ನಿಂತುಕೊಂಡಳು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಚಪ್ಪಾಳೆ ಇಲ್ಲದ ಹಾಡಿನಲ್ಲಿ ಕೈಗಳು ಯಾವಾಗಲೂ ಹೆಚ್ಚು. ಗಲ್ಲದ ಬಟ್ಟೆಯ ಗಂಟನ್ನು ಸಡಿಲಿಸಿ ಮತ್ತೆ ಕಟ್ಟಿದಳು, ಈ ಸಲ ಬೇಕಾದಷ್ಟೇ. ಮನೆಯೊಳಗೆ ಮಧ್ಯಾಹ್ನದ ಬೆಳಕು ಹಲಗೆಯ ಸಂದಿಗಳಿಂದ ಗೆರೆಗೆರೆಯಾಗಿ ಬಂದು ಹುಡುಗನ ಮೈಮೇಲೆ ಬಿದ್ದಿತ್ತು. ಅವಳು ಮೊದಲ ಸಾಲು ಎಸೆದಳು.

ಹೊತ್ತು ಇಳಿಯಿತು, ಹೊರಡುವವನೆ,
ಹೊಳೆಯ ತಿರುವು ನಿನಗೆ ಗೊತ್ತು.

ಹೊರಗೆ ಯಾರೂ ಎತ್ತಿಕೊಳ್ಳಲಿಲ್ಲ. ಅವರು ಕೈಯಲ್ಲಿ ಕಾಗದದ ರೆಕ್ಕೆ ಹಿಡಿದು ನಿಂತಿರಬೇಕು. ಸಾಲು ನೆಲದ ಹತ್ತಿರಕ್ಕೆ ಬಂತು. ಅಷ್ಟರಲ್ಲಿ ಕೆಳಗಿನಿಂದ, ಪಾದಗಳ ಬಳಿಯಿಂದ, ಸ್ವರ ಸೇರದ ಒರಟು ದನಿಯೊಂದು ಅದನ್ನು ಹಿಡಿದುಕೊಂಡಿತು. ಯೂರ್ಲೆನಿಗೆ ಮಾತುಗಳು ಗೊತ್ತಿರಲಿಲ್ಲ. ಬರಿಯ ಎಳೆತವನ್ನು ಹಿಡಿದಿದ್ದಳು. ಆಮೇಲೆ ಜಗುಲಿಯಿಂದ ಒಬ್ಬಳು, ಮೆಟ್ಟಿಲ ಮೇಲೆ ಇಬ್ಬರು, ಆಮೇಲೆ ಎಲ್ಲರೂ. ಸಾಲು ಮತ್ತೆ ಮೇಲೆದ್ದಿತು. ಹೆರೋನಿಮಾ ಎರಡನೆಯದನ್ನು ಎಸೆದಳು, ಮೂರನೆಯದನ್ನು ಎಸೆದಳು. ಹೆಸರಿನ ಬಿಡುವು ಬಂತು. ದೈರೋನ್, ಎಂದಳು. ಉಸಿರಿನ ತಳದಲ್ಲಿ ಇನ್ನೊಂದು ಹೆಸರು ಅಭ್ಯಾಸದಂತೆ ಎದ್ದು ಬಂದು ತುಟಿಯ ಹಿಂದೆ ನಿಂತಿತು, ಎಂದಿನಂತೆ ಜಾಗ ಕೇಳುತ್ತ. ಅವಳು ತುಟಿ ತೆರೆಯಲಿಲ್ಲ. ಈ ದೋಣಿ ಇವನೊಬ್ಬನದೇ. ಅವೆಲಿನೊ ದಡದ ಮೇಲೆ ಮಂಡಿ ಮಡಿಸಿಕೊಂಡು ಕೂತೇ ಉಳಿದ.

ಹೆಂಗಸರು ಹೆಸರನ್ನು ಎತ್ತಿಕೊಂಡು ಎಳೆಯುತ್ತಿದ್ದಾಗ, ಆ ಎಳೆತದ ಮೇಲಿನಿಂದ, ನದಿಯ ಕಡೆಯಿಂದ ಪ್ಲುತಾರ್ಕೊ ಕೂಗಿದ್ದು ಕೇಳಿಸಿತು. ಒಂದು ಮೀಟರ್ ಇಪ್ಪತ್ತೆಂಟು ಸೆಂಟಿಮೀಟರ್.